ಅಮೋಘಿ ಮುತ್ಯಾನ ರಬ್ಬರ್ ಹಗ್ಗ

ಹೊನವಾಡದ ನಮ್ಮ ಓಣಿಯ ಅಜ್ಜ ಅಮೋಘಿ ಮುತ್ಯಾನ ಬಲಗೈ ಎದೆಯ ಮಟ್ಟಕ್ಕಿಂತ ಮೇಲೆ ಏಳುವುದಿಲ್ಲ ಎಂಬುದು ಊರಿಗೆಲ್ಲ ಗೊತ್ತಾದದ್ದು ಹೋದ ವರ್ಷದ ಎಳ್ಳಮಾವಾಸ್ಯೆಯ ದಿನ. ಅದಕ್ಕಿಂತ ಮೊದಲು ಅದು ಅವನಿಗೂ ಅವನ ಹೆಂಡತಿ ಬೋರವ್ವನಿಗೂ ಮಾತ್ರ ಗೊತ್ತಿತ್ತು.

ಆ ದಿನ ನಮ್ಮ ಕಡೆ ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಪೂಜೆ ಮಾಡಿ, ತಂದ ಅಡಿಗೆಯನ್ನೆಲ್ಲ ಒಂದು ಬುಟ್ಟಿಯಲ್ಲಿ ಕಲಸಿ, ಭೂಮಿತಾಯಿಯ ಪಾಲು ಎಂದು ಬೆಳೆಯ ಮೇಲೆ ಎರಚುತ್ತಾರೆ. ಇದಕ್ಕೆ ಚರಗ ಚೆಲ್ಲುವುದು ಎನ್ನುತ್ತಾರೆ. ಮುಂದಿನವನು ಬುಟ್ಟಿ ಹಿಡಿದು ‘ಹುಲ್ಲುಲ್ಲಿಗ್ಯೋ’ ಎಂದು ಕೂಗುತ್ತ ಎರಚಬೇಕು. ಹಿಂದಿನವನು ತಂಬಿಗೆಯ ನೀರು ಚಿಮುಕಿಸುತ್ತ ‘ಚಲ್ಲಾಂಬ್ರಿಗ್ಯೋ’ ಎನ್ನಬೇಕು. ಈ ಕೂಗು ಊರಿಂದ ಊರಿಗೆ ಸ್ವಲ್ಪ ಬೇರೆಯಾಗುತ್ತದೆ, ಆದರೆ ಎರಡು ಕಟ್ಟಳೆ ಎಲ್ಲ ಕಡೆಯೂ ಒಂದೇ. ಎರಚುವುದು ಬಲಗೈಯಿಂದಲೇ. ಚರಗ ಮುಗಿಯುವ ತನಕ ಯಾರೂ ಒಂದು ತುತ್ತನ್ನೂ ಬಾಯಿಗೆ ಹಾಕುವಂತಿಲ್ಲ.

ಮುತ್ಯಾನ ಮನೆತನದಲ್ಲಿ ಬುಟ್ಟಿ ಹಿಡಿಯುವುದು ಹಿರಿಯನ ಕೆಲಸ. ತಂದೆ ತೀರಿದ ಮೇಲೆ ಅದು ಮುತ್ಯಾನಿಗೆ ಬಂದಿತ್ತು. ತಮ್ಮ ಯಲ್ಲಾಲಿಂಗನಿಗೆ ತಂಬಿಗೆ. ಯಲ್ಲಾಲಿಂಗನಿಗೂ ಈಗ ಮೊಮ್ಮಕ್ಕಳಿದ್ದಾರೆ, ಆದರೂ ತಂಬಿಗೆಯೇ. ಮುತ್ಯಾ ಎರಚಿದರೆ ತುತ್ತು ಬಿಳಿಜೋಳದ ಎಷ್ಟೋ ಸಾಲು ದಾಟಿ ಬೀಳುತ್ತಿತ್ತಂತೆ. ಎಷ್ಟು ಸಾಲು ಎಂದು ಕೇಳಿದರೆ ಅವನು ಒಂದೊಂದು ಸಲ ಒಂದೊಂದು ಲೆಕ್ಕ ಹೇಳುವುದರಿಂದ ನಾನು ಅದನ್ನು ಇಲ್ಲಿ ಬರೆಯುವುದಿಲ್ಲ.

ಹೋದ ವರ್ಷ ಅವನು ಬುಟ್ಟಿ ಹಿಡಿದು ದೊಡ್ಡದಾಗಿ ಕೂಗಿದ. ಕೂಗು ಹೋಯಿತು, ಕೈ ಹೋಗಲಿಲ್ಲ. ಭುಜ ಅರ್ಧಕ್ಕೇ ಹಿಡಿದುಕೊಂಡು ಕೈ ಅಡ್ಡಕ್ಕೆ ತಿರುಗಿ, ತುತ್ತು ಹಿಂದೆ ನಿಂತಿದ್ದ ಯಲ್ಲಾಲಿಂಗನ ರುಮಾಲಿನ ಮೇಲೆ ಬಿತ್ತು.

ಯಲ್ಲಾಲಿಂಗ ರುಮಾಲಿನಿಂದ ಕಡುಬಿನ ಚೂರು ತೆಗೆದು ನೋಡಿ, “ಅಣ್ಣಾ, ನನ್ನೂ ಬೆಳಿ ಅಂತ ತಿಳದೀ ಏನು?” ಎಂದ.

ಪಕ್ಕದ ಹೊಲದವರೂ ನಕ್ಕರು. ಆ ವರ್ಷ ಉಳಿದ ಚರಗವನ್ನು ಯಲ್ಲಾಲಿಂಗನೇ ಚೆಲ್ಲಿದ. ಮನೆಗೆ ಬರುವಾಗ ಅವನು ಬಹಳ ಮೆತ್ತಗೆ, “ಅಣ್ಣಾ, ನಿನಗ್ಯಾಕ ತ್ರಾಸು, ಇನ್ನ ಮ್ಯಾಲೆ ನಾನ ಒಗಿತೇನಿ ಬಿಡು,” ಎಂದ. ಮುತ್ಯಾನಿಗೆ ನಗೆಗಿಂತ ಆ ಮೆತ್ತಗಿನ ಮಾತೇ ಹೆಚ್ಚು ಚುಚ್ಚಿತು.

ಭುಜಕ್ಕೆ ಪೆಟ್ಟಾದದ್ದು ಹೇಗೆ ಎಂಬುದಕ್ಕೆ ಎರಡು ಮಾತಿವೆ. ದ್ರಾಕ್ಷಿ ತೋಟಕ್ಕೆ ನುಗ್ಗಿದ ಟಗರಿನ ಹಗ್ಗ ಹಿಡಿದಾಗ ಅದು ಜಗ್ಗಿಕೊಂಡು ಓಡಿತು ಎನ್ನುತ್ತಾನೆ ಮುತ್ಯಾ. “ಟಗರು ಪಾಪ ದೊಡ್ಡ್ಯಾಗ ಮೇವು ತಿನ್ನಾಕತ್ತಿತ್ತು. ಇಂವ ಹಗಲ ಹೊತ್ತಿನ್ಯಾಗ ಮಕ್ಕೊಂಡು ಹೊರಸಿನ ಮ್ಯಾಲಿಂದ ಬಿದ್ದಾನ,” ಎನ್ನುತ್ತಾಳೆ ಬೋರವ್ವ. ಹೇಗೇ ಆಗಲಿ, ನೋವಾಗುತ್ತದೆ ಎಂದು ಅವನು ಕೈಯನ್ನು ಟವೆಲ್ಲಿನಲ್ಲಿ ಕುತ್ತಿಗೆಗೆ ಕಟ್ಟಿಕೊಂಡು ತಿಂಗಳುಗಟ್ಟಲೆ ಅಲುಗಾಡಿಸದೆ ಇಟ್ಟ. ಕೀಲು ಅಲ್ಲೇ ಬಿಗಿದುಕೊಂಡಿತು. ಟವೆಲ್ಲು ಬಿಚ್ಚಿದ್ದನ್ನು ಕಂಡ ಊರವರು ಕೈ ವಾಸಿಯಾಯಿತು ಎಂದುಕೊಂಡಿದ್ದರು.

ಮಗಳು ರೇಣುಕಾ ವಿಜಯಪುರದ ಇಬ್ರಾಹಿಂಪುರದಲ್ಲಿ ರೈಲು ಹಳಿಯ ಹತ್ತಿರ ಇರುತ್ತಾಳೆ. ಅವಳ ಮನೆಯ ಸಾಲಿನಲ್ಲೇ ಪೂರ್ವಾ ಎಂಬ ಮೇಡಂ ಕೈಕಾಲಿನ ವ್ಯಾಯಾಮ ಹೇಳಿಕೊಡುವ ಚಿಕ್ಕ ದವಾಖಾನೆ ಇಟ್ಟಿದ್ದಾರೆ. ಬೇಸಿಗೆ ಕಳೆದ ಮೇಲೆ ರೇಣುಕಾ ಅಪ್ಪನನ್ನು ಬಸ್ಸಿನಲ್ಲಿ ಕರೆಸಿಕೊಂಡು ಅಲ್ಲಿಗೆ ಕರೆದೊಯ್ದಳು. ಮೇಡಂ ಕೈಯನ್ನು ಎತ್ತಿ, ತಿರುಗಿಸಿ ನೋಡಿದರು. ಕೆಲವು ವಾರ ಬರಿಗೈಯ ವ್ಯಾಯಾಮ ಮಾಡಿಸಿದ ಮೇಲೆ, ಎರಡೂ ತುದಿಗೆ ಹಿಡಿಕೆ ಇದ್ದ ಉದ್ದನೆಯ ಕೆಂಪು ರಬ್ಬರ್ ಕೊಳವೆ ಒಂದನ್ನು ಅವನ ಕೈಗೆ ಕೊಟ್ಟರು.

“ಇದರಲೆ ಏನ ಕಟ್ಟಬೇಕ್ರಿ?” ಎಂದು ಮುತ್ಯಾ ಕೇಳಿದ.

“ಏನೂ ಕಟ್ಟೂದಲ್ರಿ ಅಜ್ಜಾರ. ಜಗ್ಗೂದು. ನಡುವ ಗಂಟು ಹಾಕಿ ಬಾಗಲಾ ಸಂದ್ಯಾಗ ಸಿಗಿಸಿ, ಈ ಹಿಡಿಕಿ ಹಿಡಕೊಂಡು ಮೆಲ್ಲಕ ಜಗ್ಗಬೇಕು.”

“ಜಗ್ಗಿದ್ರ ಏನ ಬರ್ತೈತ್ರಿ?”

“ಏನೂ ಬರೂದಿಲ್ಲ. ಮತ್ತ ಮೆಲ್ಲಕ ಬಿಡಬೇಕು.”

ಮುತ್ಯಾ ಮಗಳ ಮುಖ ನೋಡಿದ. ಅವನ ಇಡೀ ಬಾಳಿನಲ್ಲಿ ಹಗ್ಗ ಜಗ್ಗಿದರೆ ಏನಾದರೂ ಬಂದೇ ಬಂದಿತ್ತು. ಒಂದೋ ಬಾವಿಯಿಂದ ಕೊಡ, ಇಲ್ಲವೇ ಗೂಟದಿಂದ ಕರು.

“ಏನೂ ಬರದ್ದನ್ನ ಜಗ್ಗಿ, ಅದನ್ನ ಹೊಳ್ಳಿ ಬಿಡೂದು. ಇದಕ್ಕ ನಾ ಹೊನವಾಡದಿಂದ ಬಂದೇನಿ,” ಎಂದ.

ಮೇಡಂ ನಗಲಿಲ್ಲ. “ಕೈಗೆ ಶಕ್ತಿ ಬರ್ತದ್ರಿ. ಜಗ್ಗೂದಕ್ಕಿಂತ ಬಿಡೂದು ಮೆಲ್ಲಕ ಆಗಬೇಕು. ಇದು ಹಗುರ ಅನಿಸಿದಾಗ ಬರ್ರಿ, ಹಸರದು ಕೊಡ್ತೀನಿ. ಅದು ಇದಕ್ಕಿಂತ ಬಿರುಸು ಇರ್ತದ,” ಎಂದರು.

“ಎಳ್ಳಮವಾಸಿಗೆ ಚರಗ ಚಲ್ಲಾಕ ಬರ್ತೈತೇನ್ರಿ?”

“ದಿನಾ ಮಾಡಿದ್ರ ಬರಬಹುದು,” ಎಂದರು ಮೇಡಂ. ‘ಬರಬಹುದು’ ಎಂದದ್ದನ್ನು ಮುತ್ಯಾ ಊರಿಗೆ ಬಂದು ‘ಬರ್ತೈತಿ’ ಎಂದು ಹೇಳಿದ.

ಮೊದಮೊದಲು ಓಣಿಯವರು ಅದನ್ನು ಸಲೈನ್ ಪೈಪು ಎಂದುಕೊಂಡರು. ಯಾರಿಗೆ ಹಚ್ಚಿದ್ದಾರೆ ಎಂದು ನೆರೆಯ ಸಕ್ರವ್ವ ಒಳಗೇ ಬಂದು ನೋಡಿ ಹೋದಳು. ಎಲ್ಲರೆದುರು ಜಗ್ಗಲು ಮುತ್ಯಾನಿಗೆ ನಾಚಿಕೆಯಾಗಿ, ಹಿತ್ತಲ ಬಾಗಿಲಿಗೆ ಅದನ್ನು ಸಿಗಿಸಿಕೊಂಡು ಕುರಿದೊಡ್ಡಿಯ ಕಡೆ ನಿಂತು ಜಗ್ಗತೊಡಗಿದ. ಕುರಿಗಳು ಮೇವು ಬಿಟ್ಟು ಅವನನ್ನೇ ನೋಡುತ್ತಿದ್ದವು. ಒಂದು ಬೆಳಿಗ್ಗೆ ಅವನು ಚೆನ್ನಾಗಿ ಜಗ್ಗಿ ಹಿಡಿದಿದ್ದಾಗ ಬೋರವ್ವ ಒಳಗಿನಿಂದ ಬಾಗಿಲು ತೆರೆದಳು. ಸಂದಿಯಲ್ಲಿದ್ದ ಗಂಟು ಕಳಚಿಕೊಂಡು ಬಂತು, ಮುತ್ಯಾ ಹಿಂದಿದ್ದ ಒಣ ಜೋಳದ ಕಣಿಕೆಯ ರಾಶಿಯ ಮೇಲೆ ಅಂಗಾತ ಬಿದ್ದ.

“ಏನೂ ಬರಂಗಿಲ್ಲ ಅಂದಿದ್ದಿ. ಬಾಗಲಾನ ಬಂತಲ್ಲ,” ಎಂದಳು ಬೋರವ್ವ.

“ಒಂದ ಸಲ ಒದರಿ ಬಾಗಲಾ ತಗೀಬೇಕಿಲ್ಲೇನ ಬೇ,” ಎಂದ ಮುತ್ಯಾ, ಕಣಿಕೆಯಿಂದ ಏಳದೆ.

ಮರುದಿನದಿಂದ ರಬ್ಬರು ಪಡಸಾಲೆಯ ಕಂಬಕ್ಕೆ ಬಂತು. ನಾಚಿಕೆ ಹೋಯಿತು. ಅವನು ತಪ್ಪದೆ ಜಗ್ಗಿದ, ಅದನ್ನು ನಾವೆಲ್ಲ ಕಣ್ಣಾರೆ ನೋಡಿದ್ದೇವೆ. ಮಳೆಗಾಲ ಮುಗಿಯುವ ಹೊತ್ತಿಗೆ ಮುತ್ಯಾನ ಮುಖದಲ್ಲಿ ಒಂದು ಗತ್ತು ಬಂದಿತ್ತು. ರಬ್ಬರು ದಿನದಿಂದ ದಿನಕ್ಕೆ ಹಗುರವಾಗುತ್ತಿತ್ತು. ಮೊದಲು ಹೊಟ್ಟೆಯ ತನಕ ಬರುತ್ತಿದ್ದದ್ದು ಈಗ ಬೆನ್ನ ಹಿಂದಿನ ತನಕ ಬರುತ್ತಿತ್ತು. ಸಂಜೆ ಕಟ್ಟೆಯ ಮೇಲೆ ಕುಳಿತವರಿಗೆ ಅವನು ತನ್ನ ತೋಳು ಮುಟ್ಟಿ ನೋಡಲು ಹೇಳುತ್ತಿದ್ದ. ಬಬಲೇಶ್ವರದ ಸಂತೆಗೆ ಹೋದಾಗ ಜೀಪಿನಲ್ಲಿ ಸಿಕ್ಕ ಬೀಗರಿಗೂ ತೋಳು ತೋರಿಸಿದನಂತೆ.

ಒಂದು ದಿನ ಯಲ್ಲಾಲಿಂಗನನ್ನೂ ಕರೆದು ಹಿಡಿಕೆಯನ್ನು ಅವನ ಕೈಗೆ ಕೊಟ್ಟ. “ಜಗ್ಗಿ ನೋಡು. ಅಂದ್ರ ನಾ ಏನ ಮಾಡಾಕತ್ತೇನಿ ಅನ್ನೂದು ತಿಳಿತೈತಿ.”

ಯಲ್ಲಾಲಿಂಗ ಎರಡು ಬೆರಳಲ್ಲಿ ಜಗ್ಗಿದ. ರಬ್ಬರು ಅಂಗಳದ ಅಂಚಿನ ತನಕ ಅವನ ಜೊತೆ ನಡೆದು ಬಂತು.

“ಹಗರ ಐತೆಲ್ಲೋ ಅಣ್ಣಾ.”

ಮುತ್ಯಾ ಹಿಡಿಕೆಯನ್ನು ತಿರುಗಿ ಇಸಿದುಕೊಂಡು, “ನನ್ನ ಕೈಯಾಗ ಪಳಗೈತಿ. ಪಳಗಿದ ಎತ್ತು ಯಾರು ಹೊಡದ್ರೂ ನಡಿತೈತಿ,” ಎಂದ. ಯಲ್ಲಾಲಿಂಗನಿಗೂ ಅದು ಸರಿ ಎನ್ನಿಸಿತಂತೆ.

ಎಳ್ಳಮಾವಾಸ್ಯೆ ಹತ್ತಿರವಾದಾಗ ಮುತ್ಯಾ ಒಂದು ಚೀಲ ಒಣದ್ರಾಕ್ಷಿ ಕಟ್ಟಿಕೊಂಡು, ಹಸಿರು ರಬ್ಬರು ತರುತ್ತೇನೆ ಎಂದು ಓಣಿಗೆಲ್ಲ ಹೇಳಿ ವಿಜಯಪುರಕ್ಕೆ ಹೋದ. ಬೋರವ್ವನೂ ಜೊತೆಗೆ ಹೋದಳು, ಹಾಗಾಗಿ ಅಲ್ಲಿ ನಡೆದದ್ದು ನಮಗೆ ಗೊತ್ತಾಯಿತು.

ಮೇಡಂ ಕೆಂಪು ರಬ್ಬರನ್ನು ಕೈಗೆ ತೆಗೆದುಕೊಂಡರು. ಅದು ಕೈಗೆ ಅಂಟಿಕೊಂಡಿತು. ಮೂಗಿನ ಹತ್ತಿರ ಹಿಡಿದರು.

“ಅಜ್ಜಾರ, ಇದಕ್ಕ ಏನ ಹಚ್ಚೀರಿ?”

“ಕುಸುಬಿ ಎಣ್ಣಿರಿ,” ಎಂದ ಮುತ್ಯಾ, ಹೊಗಳಿಕೆ ಬರುತ್ತದೆ ಎಂಬಂತೆ. “ವಾರಾ ತಪ್ಪಿಸಿಲ್ರಿ. ತಿಕ್ಕಾಕ ಯಾರ ಕೈಯಾಗೂ ಕೊಟ್ಟಿಲ್ಲ, ನಾನ ತಿಕ್ಕೇನಿ.”

ಅವನ ಮನೆಯಲ್ಲಿ ಬಾರುಕೋಲು, ಮೂಗುದಾರ, ಚಪ್ಪಲಿ, ಎಲ್ಲಕ್ಕೂ ಎಣ್ಣೆ ಹಚ್ಚಿಯೇ ಇಡುವುದು. ಹಚ್ಚದಿದ್ದರೆ ಒಣಗಿ ಬಿರಿಯುತ್ತವೆ. ರಬ್ಬರಿನ ಮೇಲೆ ಬಿಳಿ ಪುಡಿ ಕಂಡಾಗ ಅವನು ಅದೂ ಒಣಗಿದೆ ಎಂದುಕೊಂಡಿದ್ದ.

ರಬ್ಬರಿಗೆ ಎಣ್ಣೆ ಆಗುವುದಿಲ್ಲ, ಎಣ್ಣೆ ಕುಡಿದು ಅದು ಮೆತ್ತಗಾಗಿ ಜೀವ ಬಿಡುತ್ತದೆ ಎಂದು ಮೇಡಂ ಹೇಳಿದರು. ಅದು ಹರಿದು ಮುಖಕ್ಕೆ ಬಡಿಯದಿದ್ದದ್ದೇ ಪುಣ್ಯ ಎಂದೂ ಹೇಳಿದರು. ಆಮೇಲೆ ಹೊಸ ಕೆಂಪು ರಬ್ಬರನ್ನು ಗೋಡೆಯ ಕೊಂಡಿಗೆ ಹಾಕಿ ಹಿಡಿಕೆ ಕೊಟ್ಟರು. ಮುತ್ಯಾ ಜಗ್ಗಿದ. ಅದು ಹೊಟ್ಟೆ ದಾಟಿ ಒಂದೇ ಗೇಣು ಬಂದು ನಿಂತಿತು. ಕಾಲು ಊರಿ, ಹಲ್ಲು ಕಚ್ಚಿ ಮತ್ತೆ ಜಗ್ಗಿದ. ಅಲ್ಲೇ ನಿಂತಿತು.

“ಹಂಗಾರ ಶಕ್ತಿ ಬಂದದ್ದು ನನಗಲ್ಲ,” ಎಂದ.

“ಸ್ವಲ್ಪ ಬಂದದ್ರಿ. ಕೈ ಎತ್ತರಿ, ನೋಡೂಣು.” ಅವನು ಎತ್ತಿದ. ಕೈ ಕಿವಿಯ ತನಕ ಹೋಯಿತು. “ಮೊದಲ ಎದಿ ತನಕ ಇತ್ತು. ದಿನಾ ಜಗ್ಗಿದ್ದಕ್ಕ ಬಿಗದ ಕೀಲು ಸಡಲ ಆಗೇದ. ಆದ್ರ ದೂರ ಒಗಿಯೋ ಅಷ್ಟು ಬಲ ಇನ್ನೂ ಇಲ್ಲ. ಈ ಅಮಾಸಿಗೆ ಜೋರಲೆ ಬೀಸಿ ಒಗೀಬ್ಯಾಡ್ರಿ. ಒಗದ್ರ ಮತ್ತ ಹಿಡಕೋತದ.”

ಬಸ್ಸಿನಲ್ಲಿ ಬರುವಾಗ, ತಿಕೋಟಾ ದಾಟಿದ ಮೇಲೆ ಮುತ್ಯಾ, “ಎಣ್ಣಿ ಸುದ್ದಿ ಯಾರಿಗೂ ಹೇಳಬ್ಯಾಡ,” ಎಂದ. ಬೋರವ್ವ ಹೇಳುವುದಿಲ್ಲ ಎಂದಳು. ಹೇಳಿದ್ದು ಸಕ್ರವ್ವನಿಗೆ ಮಾತ್ರ. ಸಂಜೆಯೊಳಗೆ ಕಟ್ಟೆಯ ಮೇಲೆ ಕುಳಿತವರು ಮುತ್ಯಾನನ್ನು ಕಂಡು, ತಮ್ಮ ಮನೆಯ ರೊಟ್ಟಿ ಗಟ್ಟಿಯಾಗಿದೆ, ಒಂದಿಷ್ಟು ಎಣ್ಣೆ ಹಚ್ಚಿಕೊಡುತ್ತೀಯಾ ಎಂದು ಕೇಳುತ್ತಿದ್ದರು.

ಯಲ್ಲಾಲಿಂಗ ಮಾತ್ರ ನಗಲಿಲ್ಲ. ಅವನು ಪಡಸಾಲೆಗೆ ಬಂದು ಕಂಬಕ್ಕೆ ಒರಗಿ, “ಹಂಗಾರ ಬುಟ್ಟಿ ನಾನ ಹಿಡಿಲೇನು ಅಣ್ಣಾ?” ಎಂದು ಕೇಳಿದ.

“ಹೊಲದಾಗ ನೋಡೂಣು,” ಎಂದ ಮುತ್ಯಾ. ಅವನು ‘ಇಲ್ಲ’ ಎನ್ನಲಿಲ್ಲ ಎಂಬುದನ್ನು ಇಬ್ಬರೂ ಗಮನಿಸಿದರು. ಈ ವರ್ಷವೂ ಬುಟ್ಟಿ ಕೈ ಬದಲಾಯಿಸಿದರೆ ಅದು ಮತ್ತೆ ತಿರುಗಿ ಬರುವುದಿಲ್ಲ. ಊರಿನಲ್ಲಿ ಎಷ್ಟೋ ಮನೆಯ ಹಿರಿಯರು ಈಗ ಬನ್ನಿ ಗಿಡದ ನೆರಳಲ್ಲಿ ಚಾಪೆಯ ಮೇಲೆ ಕುಳಿತು ಚರಗ ನೋಡುತ್ತಾರೆ, ಅವರನ್ನು ಯಾರೂ ಏನೂ ಕೇಳುವುದಿಲ್ಲ. ಮುತ್ಯಾನಿಗೆ ಆ ಚಾಪೆಯೇ ಕಣ್ಣ ಮುಂದೆ ಬರುತ್ತಿತ್ತು ಎಂದು ಬೋರವ್ವ ಆಮೇಲೆ ಹೇಳಿದಳು.

ಎಳ್ಳಮಾವಾಸ್ಯೆಯ ದಿನ ಎರಡು ಮನೆಯವರೂ ಹೊಲಕ್ಕೆ ಬಂದರು. ಜೋಳ ಆಳೆತ್ತರ ನಿಂತಿತ್ತು, ತೆನೆ ಹಾಲುಗಾಳಿನಲ್ಲಿತ್ತು. ಪೂಜೆಯಾಯಿತು. ಸಜ್ಜೆ ರೊಟ್ಟಿ, ಕಡುಬು, ಪುಂಡಿಪಲ್ಯ, ಬದನೆಕಾಯಿ ಎಲ್ಲ ಬುಟ್ಟಿಗೆ ಬಿತ್ತು. ಕಲಸಿದ ಅಡಿಗೆಯ ವಾಸನೆ ಎಲ್ಲರ ಮೂಗಿಗೂ ಬಂತು. ಯಲ್ಲಾಲಿಂಗ ತಂಬಿಗೆಯನ್ನೂ ನೋಡಿದ, ಬುಟ್ಟಿಯನ್ನೂ ನೋಡಿದ. ಅಷ್ಟರಲ್ಲಿ ಮುತ್ಯಾ ಬುಟ್ಟಿಯನ್ನು ಎಡಗೈಯಲ್ಲಿ ಎತ್ತಿ ಕಂಕುಳಿಗೆ ಒತ್ತಿಕೊಂಡು, ಹೊಲದಂಚಿನ ಒಡ್ಡಿನ ಮೇಲೆ ಹೋಗಿ ನಿಂತ.

ಎಲ್ಲರೂ ಅವನ ಬಲಗೈ ನೋಡುತ್ತಿದ್ದರು. ಯಲ್ಲಾಲಿಂಗ ರುಮಾಲು ತೆಗೆದು ಹೆಂಡತಿಯ ಕೈಗೆ ಕೊಟ್ಟು ಎರಡು ಹೆಜ್ಜೆ ದೂರ ಸರಿದ.

ಮುತ್ಯಾ ಒಂದು ತುತ್ತು ತೆಗೆದ. ಕೈಯನ್ನು ಮೆಲ್ಲಗೆ ಕಿವಿಯ ತನಕ ಎತ್ತಿದ, ಮೆಲ್ಲಗೆ ಬಿಟ್ಟ. ಬೀಸಲಿಲ್ಲ. ತುತ್ತು ಮುಂದಿನ ಒಂದು ಸಾಲಿಗೆ ಮಾತ್ರ ಬಿತ್ತು. ಆದರೆ ಮುಂದೆ ಬಿತ್ತು. “ಹುಲ್ಲುಲ್ಲಿಗ್ಯೋ,” ಎಂದ.

ಯಲ್ಲಾಲಿಂಗ ನೀರು ಚಿಮುಕಿಸಿ, “ಚಲ್ಲಾಂಬ್ರಿಗ್ಯೋ,” ಎಂದ. ಆಮೇಲೆ ಮೆತ್ತಗೆ, “ಒಂದ ಸಾಲಿಗೆ ಬಿತ್ತೋ ಅಣ್ಣಾ. ಉಳಿದದ್ದಕ್ಕ?” ಎಂದ.

“ಉಳಿದದ್ದಕ್ಕ ನಾವ ಹೋಗೂಣು,” ಎಂದ ಮುತ್ಯಾ, ಮತ್ತು ಒಡ್ಡಿನಿಂದ ಇಳಿದು ಜೋಳದೊಳಗೆ ನಡೆದ.

ಹೀಗೆ ಯಾರೂ ಚರಗ ಚೆಲ್ಲುವುದಿಲ್ಲ. ಒಡ್ಡಿನ ಮೇಲೆಯೇ ಹೊಲಕ್ಕೆ ಒಂದು ಸುತ್ತು ಹಾಕಿ, ಒಳಗೆ ಎರಚಿ ಮುಗಿಸುವುದು ಪದ್ಧತಿ. ಮುತ್ಯಾ ಸಾಲಿನ ನಡುವೆ ಹೋಗಿ, ಹೊಲದ ಆ ತುದಿ ಮುಟ್ಟಿ, ಮುಂದಿನ ಸಾಲಿನಲ್ಲಿ ತಿರುಗಿ ಬಂದ. ಹಿಂದೆ ಯಲ್ಲಾಲಿಂಗ ತಂಬಿಗೆ ಹಿಡಿದು ನಡೆದ, ಏಕೆಂದರೆ ಮುಂದಿನವನು ಕೂಗಿದ ಮೇಲೆ ಹಿಂದಿನವನು ಕೂಗದೆ ಇರುವಂತಿಲ್ಲ. ಹೊರಗಿದ್ದವರಿಗೆ ಇಬ್ಬರೂ ಕಾಣುತ್ತಿರಲಿಲ್ಲ. ಜೋಳದೊಳಗಿನಿಂದ ಒಂದು ಗಟ್ಟಿ ಕೂಗು, ಅದರ ಹಿಂದೆ ಒಂದು ಸುಸ್ತಾದ ಕೂಗು, ಅಷ್ಟೇ ಬರುತ್ತಿತ್ತು. ಅಕ್ಕಪಕ್ಕದ ಹೊಲದವರು ಉಂಡು, ಎಲೆ ಅಡಿಕೆ ಹಾಕಿಕೊಂಡು, ಮಲಗಲು ಜಾಗ ಹುಡುಕುತ್ತಿದ್ದರು. ನಮ್ಮ ಕಡೆ ಮಕ್ಕಳು ಬುತ್ತಿಯ ಗಂಟಿನ ಸುತ್ತ ಕುಳಿತು ಅದನ್ನೇ ನೋಡುತ್ತಿದ್ದವು.

“ಭೂಮಿತಾಯಿ ಒಬ್ಬಾಕಿನ ಉಣ್ಣಬೇಕೇನು? ನಾವೂ ಅದೇವಿ,” ಎಂದು ಬೋರವ್ವ ಜೋಳದ ಕಡೆ ತಿರುಗಿ ಹೇಳಿದಳು. ಉತ್ತರವಾಗಿ ಎಲ್ಲಿಂದಲೋ ಒಂದು ‘ಹುಲ್ಲುಲ್ಲಿಗ್ಯೋ’ ಬಂತು.

ನೆರಳು ಉದ್ದವಾಗುವ ಹೊತ್ತಿಗೆ ಇಬ್ಬರೂ ಹೊರಗೆ ಬಂದರು. ತಲೆ, ಮೀಸೆಗಳ ಮೇಲೆಲ್ಲ ಜೋಳದ ಹೂವಿನ ಪುಡಿ ಇತ್ತು. ಬುಟ್ಟಿಯ ತಳ ಕಾಣುತ್ತಿತ್ತು. ಯಲ್ಲಾಲಿಂಗ ಖಾಲಿ ತಂಬಿಗೆಯನ್ನು ನೆಲಕ್ಕಿಟ್ಟು ತಾನೂ ಅಲ್ಲೇ ಕುಳಿತ. ಅವನ ಮೊಮ್ಮಗಳು ಓಡಿಬಂದು, ಮುಂದಿನ ವರ್ಷ ಬುಟ್ಟಿ ಯಾರದು ಎಂದು ಕೇಳಿದಳು.

“ನಿಮ್ಮ ದೊಡ್ಡ ಮುತ್ಯಾಂದ,” ಎಂದ ಯಲ್ಲಾಲಿಂಗ, ಕಾಲು ಒತ್ತಿಕೊಳ್ಳುತ್ತ. “ಆದ್ರ ತಂಬಿಗಿ ಹಿಡಿಯಾಕ ಬ್ಯಾರೆ ಯಾರನ್ನರ ನೋಡಕೋ ಅಂತ ಹೇಳು.”

ಮುತ್ಯಾ ತಮ್ಮನ ಪಕ್ಕದಲ್ಲಿ ಕುಳಿತು, ಬೋರವ್ವ ಬಡಿಸಿಟ್ಟ ಎರಡು ಊಟದ ಎಲೆಗಳಲ್ಲಿ ಮೊದಲನೆಯದನ್ನು ಅವನ ಮುಂದೆ ಸರಿಸಿದ.