ಮೇಷ್ಟ್ರ ದನಿಯಲ್ಲಿ ಒಂದು ಫೋನು

ಕಳೆದ ವಾರ ಬೇಲೂರಿನ ಲ್ಯಾಬೊಂದಕ್ಕೆ ರಕ್ತ ಪರೀಕ್ಷೆಗೆ ಹೋಗಿದ್ದೆ. ತೋಳಿಗೆ ಸ್ಪಿರಿಟ್ ಹತ್ತಿ ಉಜ್ಜಿದರು. ಆ ತಣ್ಣನೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಪಿಯುಸಿಯ ಬಯಾಲಜಿ ಮೇಷ್ಟ್ರು ನೆನಪಾದರು...

ನನಗಾಗ ಮಿಮಿಕ್ರಿಯ ಹುಚ್ಚು; ಕಂಡಕ್ಟರನ ಸೀಟಿಯಿಂದ ಪ್ರಿನ್ಸಿಪಾಲರ ಕೆಮ್ಮಿನವರೆಗೆ ಎಲ್ಲವೂ ಬರುತ್ತಿತ್ತು, ಪಾಠವೊಂದನ್ನು ಬಿಟ್ಟು. ಮೇಷ್ಟ್ರು ಬೈಯಲಿಲ್ಲ, ನನ್ನನ್ನೇ ಪಾಠ ಮಾಡಿಕೊಂಡರು. ಕಾಲೇಜಿನ ಲ್ಯಾಬಿಗೆ ಒಳಗಿನಿಂದ ಚಿಲಕ ಹಾಕಿಸಿ, ಹೊರಗೆ ನಿಂತು ಪ್ರಿನ್ಸಿಪಾಲರಂತೆ ಕೂಗು ಎಂದರು. ಕೆಮ್ಮಿ, ಬಾಗಿಲು ತೆಗಿರೀ ಎಂದೆ. ಒಳಗಿದ್ದ, ಏನೂ ಅರಿಯದ ಅಟೆಂಡರ್ ಓಡಿಬಂದು ತೆಗೆದ.

"ಟೈಫಾಯಿಡ್ ತರೋ ಬ್ಯಾಕ್ಟೀರಿಯ ಮಾಡೋದೂ ಇದೇ ಕಣ್ರೋ. ಬಾಗಿಲು ಒಡೆಯಲ್ಲ. ತನ್ನ ಪ್ರೋಟೀನನ್ನ ಜೀವಕೋಶದೊಳಕ್ಕೆ ಚುಚ್ಚುತ್ತೆ. ಅದು ಮನೆಯವರ ದನೀಲೇ ಅಪ್ಪಣೆ ಕೊಡುತ್ತೆ. ಕೋಶ ನಂಬಿ, ತಾನೇ ಕೈಚಾಚಿ ಒಳಕ್ಕೆ ಎಳ್ಕೊಳ್ಳುತ್ತೆ" ಎಂದರು ಮೇಷ್ಟ್ರು.

ಆಮೇಲೆ ಇನ್ನೊಂದು ಪ್ರೋಟೀನು ಕೋಶದ ಮೇಲ್ಮೈಯನ್ನು ಮೊದಲಿನಂತೆ ಮಾಡಿಬಿಡುತ್ತದಂತೆ, ಏನೂ ನಡೆದೇ ಇಲ್ಲ ಎಂಬ ಹಾಗೆ.

ಆ ವರ್ಷವೇ ಮೇಷ್ಟ್ರಿಗೆ ಜ್ವರ ಹಿಡಿಯಿತು. ಬಾಡಿಗೆ ಕೋಣೆಯ ಒಂಟಿಗ. ಗೆಂಡೆಹಳ್ಳಿಯ ಅಕ್ಕನೊಬ್ಬರೇ ದಿಕ್ಕು. ವಾರವೆಲ್ಲ ಜ್ವರದಲ್ಲೇ ಪಾಠ ಮಾಡಿ, ಒಂದು ಮಧ್ಯಾಹ್ನ ತಡೆಯಲಾರದೆ ಕೋಣೆಗೆ ಹೋದರು, ಫೋನನ್ನು ಲ್ಯಾಬಿನಲ್ಲೇ ಮರೆತು. ತಲುಪಿಸಲು ಅಟೆಂಡರ್ ನನ್ನ ಕೈಗೆ ಕೊಟ್ಟ. ಬಸ್ ಸ್ಟ್ಯಾಂಡಿನ ಹತ್ತಿರ ಅದು ರಿಂಗಾಯಿತು. "ಅಕ್ಕ" ಎಂದಿತ್ತು. ಎತ್ತೋ ಎಂದು ಜೊತೆಗಿದ್ದ ಗೆಳೆಯರು ತಿವಿದರು. ಎತ್ತಿದೆ.

"ಜ್ವರ ಹೆಂಗೈತೋ? ನಾಳೆ ಬತ್ತೀನಿ, ಹಾಸ್ನದ ಆಸ್ಪತ್ರೆಗೆ ಹೋಗಣ."

ಮೇಷ್ಟ್ರಂತೆ ಎರಡು ಸಲ ಗಂಟಲು ಸರಿಮಾಡಿ, "ಬಿಡ್ತು ಕಣಕ್ಕ. ನೀನು ಬರ್ಬೇಡ" ಎಂದೆ.

ಅಕ್ಕ ಪತ್ತೆಹಚ್ಚಿ ಉಗಿಯುತ್ತಾರೆಂದು ಕಾದೆ. ಸದ್ಯ ಬಿಡಪ್ಪ ಎಂದು ಇಟ್ಟುಬಿಟ್ಟರು. ಗೆಳೆಯರು ಬಿದ್ದು ಬಿದ್ದು ನಕ್ಕರು, ನಾನೂ ನಕ್ಕೆ. ಸಿಕ್ಕಿಬೀಳಬಾರದೆಂದು ಆ ಕರೆಯ ಗುರುತನ್ನು ಫೋನಿನಿಂದ ಅಳಿಸಿಹಾಕಿದೆ.

ಕೋಣೆಗೆ ಹೋಗಿ ಫೋನು ಕೊಟ್ಟಾಗ ಮೇಷ್ಟ್ರು ಕಣ್ಣು ತೆರೆಯದೆಯೇ, ಅಕ್ಕ ಫೋನ್ ಮಾಡಿದ್ಳಾ ಎಂದರು. ಇಲ್ಲ ಸಾರ್ ಎಂದೆ. ನಾಳೆ ಬರ್ತಾಳೆ ಬಿಡು, ಎಂದು ಮಗ್ಗುಲಾದರು...

ಫೋನು ಮಾಡುವ ತ್ರಾಣವೂ ಇಲ್ಲದೆ ಎರಡು ದಿನ ಅಕ್ಕನಿಗಾಗಿ ಕಾದರಂತೆ. ಮೂರನೆಯ ದಿನ ಮನೆ ಓನರ್ ಹಾಸನಕ್ಕೆ ಸಾಗಿಸುವಷ್ಟರಲ್ಲಿ ಟೈಫಾಯಿಡ್ ಕರುಳನ್ನು ತೂತು ಮಾಡಿತ್ತು. ಅವರು ವಾಪಸ್ ಬರಲಿಲ್ಲ.

ಕಳೆದ ವಾರ ತೋಳಿನ ಹತ್ತಿ ಒತ್ತಿಕೊಂಡು ಹೊರಬಂದರೆ, ಲ್ಯಾಬಿನ ಬೆಂಚಿನ ಮೇಲೆ ಅದೇ ಅಕ್ಕ ಕೂತಿದ್ದರು. ತಿಥಿಯ ದಿನ ನೋಡಿದ್ದ ಗುರುತು ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಸಕ್ಕರೆ ಕಾಯಿಲೆಯ ಮಾತಾಯಿತು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದರು:

"ನಂಗೇ ಸುಳ್ಳು ಹೇಳ್ಬಿಟ್ಟ ಕಣಪ್ಪ ಅವ್ನು. ಜ್ವರ ಬಿಡ್ತು, ಬರ್ಬೇಡ ಅಂದ. ಅದೊಂದಕ್ಕೆ ಇವತ್ಗೂ ಅವನ್ಮೇಲೆ ಸಿಟ್ಟೈತೆ."

ಊರವರ ದನಿಯೆಲ್ಲ ತೆಗೆಯುವ ಬಾಯಿ ನನ್ನದು. ಬಸ್ಸಿಗೆ ಹೊತ್ತಾಯಿತು ಏಳಿ ಎಂದೆ.

ಅವರ ಚೀಲ ಹಿಡಿದು ಗೆಂಡೆಹಳ್ಳಿ ಬಸ್ಸಿಗೆ ಹತ್ತಿಸಿದೆ. ಒಳ್ಳೇ ಹುಡುಗ ಎಂದರು. ಬಸ್ಸು ಹೊರಟಿತು. ಮೇಷ್ಟ್ರು ಅಕ್ಕನಿಗೆ ಸುಳ್ಳು ಹೇಳಿದ ತಮ್ಮನಾಗಿಯೇ ಉಳಿದರು.