ಮಲ್ಲಪ್ಪ ತಂದ ಬಳ್ಳಿ

ಮೊನ್ನೆ ಮನೆಯ ಕಿಟಕಿಗಳಿಗೆ ನೀಲಿ ಬಣ್ಣ ಬಳಿಸಿದೆ. ಹಸಿ ಬಣ್ಣದ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಬರೆದ ಏಕೈಕ ಇತಿಹಾಸ ಗ್ರಂಥ ನೆನಪಾಯಿತು. ಗ್ರಂಥವೆಂದರೆ ಗಾಬರಿಯಾಗಬೇಡಿ, ಹದಿನಾಲ್ಕು ಸಾಲಿನದು, ಶಾಲೆಯ ಗೋಡೆಯ ಮೇಲಿನದು.

ನಮ್ಮದು ಕಾಳಗಿಯ ಕಡೆಯ ಸಣ್ಣ ಹಳ್ಳಿ. ಸುತ್ತೆಲ್ಲ ತೊಗರಿ, ನಡುವೆ ನಮ್ಮದೊಂದೇ ದ್ರಾಕ್ಷಿಯ ಊರು. ಬಳ್ಳಿ ಹಬ್ಬಿಸಲು ನಮ್ಮವರು ನೆಟ್ಟದ್ದು ಶಹಾಬಾದ ಕಲ್ಲಿನ ಉದ್ದನೆಯ ಪಟ್ಟಿಗಳನ್ನು. ಎಲೆ ಉದುರಿದ ದಿನಗಳಲ್ಲಿ ದೂರದಿಂದ ನೋಡಿದವರಿಗೆ ಅದು ತೋಟವೋ ಸ್ಮಶಾನವೋ ತಿಳಿಯದು.

ಅದೇ ಊರಿನ ಶಾಲೆಯಲ್ಲಿ ನಾನು ಮಾಸ್ತರನಾಗಿದ್ದೆ. ಊರಿನ ಇತಿಹಾಸವನ್ನು ಗೋಡೆಗೆ ಬರೆಸುವ ಹುಮ್ಮಸ್ಸು ಬಂತು. ಪೇಂಟರನನ್ನು ನಂಬದೆ ನೀಲಿ ಬಣ್ಣ ಹಿಡಿದು ನಾನೇ ಏಣಿ ಹತ್ತಿದೆ. 'ಈ ಊರಿಗೆ ದ್ರಾಕ್ಷಿ ತಂದ ಮಹನೀಯರು' ಎಂದು ಮೊದಲ ಸಾಲಿನಲ್ಲೇ ನಮ್ಮಜ್ಜನ ಹೆಸರು. ಮನೆಯಲ್ಲಿ ಹಾಗೇ ಕೇಳಿ ಬೆಳೆದವನು ನಾನು. 'ಮಹನೀಯರು' ಎಂಬುದೊಂದೇ ನನ್ನ ಸೇರ್ಪಡೆ.

ಬಣ್ಣ ಆರುವ ಮೊದಲೇ ಚಂದ್ರಮ್ಮಾಯಿ ಬಂದರು. ಊರಿನ ಬಳ್ಳಿಗಳಿಗೆಲ್ಲ ಚಾಟ್ನಿ ಮಾಡುವವರು, ಅಂದರೆ ಕಡ್ಡಿ ಸವರುವವರು ಅವರು. ಯಾವ ಕಡ್ಡಿ ಉಳಿಯಬೇಕು, ಯಾವುದು ಹೋಗಬೇಕು ಎಂದು ಕತ್ತರಿಯಿಂದ ತೀರ್ಮಾನಿಸುವವರು. ವಯಸ್ಸು ಎಪ್ಪತ್ತು ದಾಟಿತ್ತು. ಓದು ಬರುತ್ತಿರಲಿಲ್ಲ.

“ಏನ್ ಬರದೀರಿ ಮಾಸ್ತರ, ಓದ್ರಿ.”

ಓದಿದೆ.

“ನಿಮ್ಮಜ್ಜಾರು ಹೊಲ ಕೊಟ್ಟಿದ್ದು ಖರೆ ಅದರಿ. ಬಳ್ಳಿ ತಂದಾಂವ ನಮ್ಮಪ್ಪ, ಮಲ್ಲಪ್ಪ.”

ನಾನು ನಕ್ಕೆ. ಆ ನಗುವಿಗೆ ಈಗ ನಾಚಿಕೆಯಾಗುತ್ತದೆ. “ಆಯಿ, ಅದಕ್ಕ ಏನರ ದಾಖಲೆ ಬೇಕಲ್ಲ?”

“ನಿಮ್ಮಜ್ಜಾರದು ದಾಖಲೆ ಎಲ್ಲದರಿ?”

ನಾನು ಕುಂಚ ಕೆಳಗಿಟ್ಟೆ. ಆಯಿ ಕಟ್ಟೆಯ ಮೇಲೆ ಕುಳಿತು ಹೇಳತೊಡಗಿದರು. ಮಲ್ಲಪ್ಪ ಸೊಲ್ಲಾಪುರದ ಕಡೆ ತೋಟದ ಕೂಲಿಗೆ ಹೋಗಿದ್ದನಂತೆ. ಮರಳುವಾಗ ಕಡ್ಡಿಗಳನ್ನು ಹಸಿ ಗೋಣಿಯಲ್ಲಿ ಸುತ್ತಿಕೊಂಡು ರೈಲು ಹತ್ತಿದ. “ತನ್ನ ಕುಡಿಯೋ ನೀರು ಕಡ್ಡಿಗೆ ಹಾಕ್ಕೋತ ಬಂದ. ವಾಡಿ ಟೇಶನ್ದಾಗ ಇಳದು ತಲಿ ಮ್ಯಾಲ ಹೊತ್ಕೊಂಡು ನಡದ. ನಮಗ ಹೊಲ ಇರಲಿಲ್ರಿ. ಅದಕ್ಕ ನಿಮ್ಮ ಹೊಲದಾಗ ಹಚ್ಚಿದ.”

ಮನೆಗೆ ಬಂದು ಅವ್ವನನ್ನು ಕೇಳಿದೆ. ಬಳ್ಳೊಳ್ಳಿ ಸುಲಿಯುತ್ತಿದ್ದ ಅವ್ವ ತಲೆ ಎತ್ತಲಿಲ್ಲ.

“ಗೊತ್ತದಪ್ಪ. ಯಾರೂ ಕೇಳಲಿಲ್ಲ, ನಾ ಹೇಳಲಿಲ್ಲ.” ಇನ್ನೊಂದು ಎಸಳು ಸುಲಿದು ಹೇಳಿದಳು: “ಮೊದಲನೇ ಹಣ್ಣು ನಿಮ್ಮಜ್ಜ ಬದುವಿನ ಮ್ಯಾಲ ಕುಂತು ತಿಂದ್ರಂತ. ಮಲ್ಲಪ್ಪಗ ದೂರ ನಿಂದ್ರಿಸಿ, ಅಂವ ಒಡ್ಡಿದ ಧೋತರದಾಗ ಒಂದು ಗೊಂಚಲ ಒಗದ್ರಂತ. ನಮ್ಮತ್ತಿ ಸಾಯೋತನಕ ಅದನ್ನ ನೆನಸಿ ಮರುಗತಿದ್ರು.”

ಮರುದಿನ ಬೆಳಿಗ್ಗೆ ಮತ್ತೆ ಏಣಿ ಇಟ್ಟೆ. ಸುದ್ದಿ ತಿಳಿದ ಕಾಕಾ ಕೆಳಗೆ ನಿಂತು ಕೂಗಾಡಿದ: “ಮನಿ ಹೆಸರ ನೀನೇ ಅಳಸ್ಲಿಕತ್ತೀಯೇನೋ!”

“ಅಳಸಂಗಿಲ್ಲ ಕಾಕಾ, ಒಂದು ಸಾಲು ಕೆಳಗ ಇಳಸ್ಲಿಕತ್ತೀನಿ.”

ಮಾತೇನೋ ಚುರುಕಾಗಿತ್ತು. 'ಮಲ್ಲಪ್ಪ'ದ ಒತ್ತುಗಳು ಮಾತ್ರ ಸೊಟ್ಟಗಾದವು. ಕಾಕಾ ಆಮೇಲೆ ಒಂದು ವರ್ಷ ನನ್ನ ಜೊತೆ ಮಾತಾಡಲಿಲ್ಲ.

ಚಂದ್ರಮ್ಮಾಯಿ ಬಂದು ಮೊದಲ ಸಾಲನ್ನು ಮೂರು ಸಲ ಓದಿಸಿಕೊಂಡರು. “ಅಪ್ಪನ ಹೆಸರು ಎಲ್ಲದ, ತೋರಸ್ರಿ” ಎಂದು ಅದರ ಮೇಲೆ ಬೆರಳಿಟ್ಟರು. ಹಸಿ ಬಣ್ಣ ಅಂಟಿತು. ಒರೆಸಿಕೊಳ್ಳಲು ಬಟ್ಟೆ ಕೊಟ್ಟೆ.

“ಇರಲಿ ಬಿಡ್ರಿ” ಎಂದು ನೀಲಿ ಬೆರಳಲ್ಲೇ ಹೊಲಕ್ಕೆ ಹೋದರು.

ಆಯಿ ಈಗಿಲ್ಲ. ನಾನು ನಿವೃತ್ತ. ನಮ್ಮ ಕಡೆಯ ಚಂದಾಪುರದ ಬಸ್ ನಿಲ್ದಾಣದಲ್ಲಿ ಹಳೆಯ ಪರಿಚಯದವರು ಸಿಕ್ಕಾಗ, “ನಿಮ್ಮಜ್ಜಾರು ಹಚ್ಚಿದ ದ್ರಾಕ್ಷಿ ಭಾಳ ಸಿಹಿ ಬಿಡ್ರಿ” ಎನ್ನುವುದುಂಟು. ಹೌದೆಂದುಬಿಟ್ಟರೆ ಎಷ್ಟು ಹಿತ! ಆ ಆಸೆ ಈಗಲೂ ಒಂದು ಕ್ಷಣ ನಾಲಿಗೆಯ ತುದಿಗೆ ಬಂದು ನಿಲ್ಲುತ್ತದೆ, ಸುಳ್ಳೇಕೆ ಹೇಳಲಿ. ಅದನ್ನು ನುಂಗಿಕೊಂಡು, “ಅಲ್ರಿ, ಮಲ್ಲಪ್ಪ ಅಂತ ಒಬ್ರಿದ್ರು. ಕುಂದ್ರಿ, ಹೇಳ್ತೀನಿ” ಎನ್ನುತ್ತೇನೆ.

ಒಮ್ಮೊಮ್ಮೆ ಅವರ ಬಸ್ಸು ತಪ್ಪುತ್ತದೆ.