ತಾಂಬಾದ ಕಡೆ ಹೋದ ಮೋಡ

ಗೆಳೆಯರೇ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ನಾವೊಂದಿಷ್ಟು ಮಳೆ ಹುಚ್ಚರು ವಾಟ್ಸಾಪ್ ಗುಂಪು ಮಾಡಿಕೊಂಡಿದ್ದೇವೆ. ಬೇಸಿಗೆಯಲ್ಲಿ ಮಧ್ಯಾಹ್ನದ ಊಟ ಮುಗಿದರೆ ಸಾಕು, ಮೊಬೈಲಿನಲ್ಲಿ ಉಪಗ್ರಹದ ಚಿತ್ರ ನೋಡುತ್ತ ಗುಡುಗು ಮಳೆಯ ದಾರಿ ಕಾಯುತ್ತೇವೆ.

ಇಂದು ಇಂಡಿಯ ಮೇಲೆ ಮೋಡ ಎದ್ದಿತು. "ತಾಂಬಾದ ಕಡೆ ಹೊಂಟೈತಿ. ಗುರಪ್ಪಣ್ಣ, ವಿಡಿಯೋ ಕಳಿಸ್ರಿ" ಎಂದು ಬರೆದೆ. ತಾಂಬಾದ ರೈತ ಗುರಪ್ಪ ತಮ್ಮ ಮನೆಯ ಮಾಳಿಗೆ ಏರಿ ಕಳಿಸಿದರು. ಕಪ್ಪು ಮೋಡದಿಂದ ಮಿಂಚು ಬೇರು ಬಿಟ್ಟಂತೆ ಇಳಿಯುತ್ತಿತ್ತು. ಎಲ್ಲರೂ ಚಪ್ಪಾಳೆಯ ಚಿತ್ರ ಹಾಕಿದೆವು.

ಸ್ವಲ್ಪ ಹೊತ್ತಿಗೆ ಅವರದೇ ಸಂದೇಶ ಬಂತು: "ಮನಿ ಮುಂದ ಬೇವಿನ ಗಿಡಕ್ಕ ಕಟ್ಟಿದ್ದ ಎತ್ತಿಗೆ ಸಿಡಿಲು ಬಡೀತ್ರಿ. ಸತ್ತು ಹೋತು."

ಅದನ್ನು ಓದದ ಸಿಂದಗಿಯ ಒಬ್ಬರು ಅದರ ಕೆಳಗೇ, "ಮಸ್ತ್ ವಿಡಿಯೋ ಅಣ್ಣಾ, ಮಳಿ ಎಷ್ಟಾತು?" ಎಂದು ಕೇಳಿದ್ದರು.

ನಾನು ಫೋನ್ ಮಾಡಿದೆ. "ಮೋಡ ಬರಾಕತ್ತೈತಿ ಅಂತ ನನಗ ಗೊತ್ತಿತ್ತಲ್ರಿ ಸರ" ಎಂದರು ಗುರಪ್ಪ. "ಎತ್ತು ಬಿಚ್ಚಿ ಒಳಗ ಕಟ್ಟೋದು ಬಿಟ್ಟು ಮಾಳಗಿ ಏರಿದೆ. ಉಳಿದ ಎತ್ತು ನೀರು ಮುಟ್ಟವಲ್ದು."

ವಿಡಿಯೋ ಕೇಳಿದವನು ನಾನೇ ಅಲ್ಲವೇ?

ಸಂಜೆ ಮುದ್ದೇಬಿಹಾಳದ ಕಾಲೇಜು ಮಾಸ್ತರರು, "ನಮ್ಮ ಕಡಿನೂ ಗುಡುಗಾಕತ್ತೈತ್ರಿ" ಎಂದು ಬರೆದರು. ಯಾರೂ ವಿಡಿಯೋ ಕೇಳಲಿಲ್ಲ. "ದನ ಒಳಗ ಕಟ್ಟೀರೇನ್ರಿ?" ಎಂದು ಬಾಗೇವಾಡಿಯವರೊಬ್ಬರು ಕೇಳಿದರು. ಮಾಸ್ತರರ ಮನೆಯಲ್ಲಿ ದನವೇ ಇಲ್ಲ, ಇರುವುದೊಂದು ಹಳೆಯ ಸ್ಕೂಟರ್. ಆದರೂ ಅವರು, "ಹೂನ್ರಿ, ಒಳಗ ಐತ್ರಿ" ಎಂದು ಉತ್ತರ ಕೊಟ್ಟರು.

ಗುಂಪಿನಲ್ಲಿ ಒಬ್ಬರೂ ನಗಲಿಲ್ಲ.